ಕೊನೆ ನೋಡದೆ ಬರೆದ ವಿಮರ್ಶೆ

ನಾನು ಬರೆದ ಮೊದಲ ವಿಮರ್ಶೆ ಪುಸ್ತಕದ್ದಲ್ಲ, ಟಿವಿಗೆ ವೈರು ಸಿಕ್ಕಿಸಿ ಆಡುವ ಒಂದು ಆಟದ್ದು. ಅದರಲ್ಲಿ ಅರ್ಧ ಸುಳ್ಳಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮೂರು ವಳಕಮದಿನ್ನಿಯಿಂದ ಸಿಂಧನೂರಿನ ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗಿಬಂದು ಬಿ.ಎ. ಓದುತ್ತಿದ್ದೆ. ನಮ್ಮ ಕನ್ನಡದ ಸರ್ ಗ್ರಂಥಾಲಯದ ಬಾಗಿಲ ಪಕ್ಕ ಗಾಜಿನ ಮುಚ್ಚಳದ ಚೌಕಟ್ಟೊಂದನ್ನು ಹೊಡೆಸಿ, ತಿಂಗಳಿಗೊಮ್ಮೆ ಕೈಬರಹದ ಗೋಡೆಪತ್ರಿಕೆ ಹಚ್ಚುತ್ತಿದ್ದರು. ಕವಿತೆಗಳು ಬೇಕಾದಷ್ಟು ಬರುತ್ತಿದ್ದವು. ವಿಮರ್ಶೆಯ ಮೂಲೆ ಮಾತ್ರ ಬಡಕಲು. ಬಂದರೂ ಪುಸ್ತಕದ ಬೆನ್ನಿನ ನಾಲ್ಕು ಸಾಲು ಇಳಿಸಿಕೊಂಡು, ಕೊನೆಗೆ ‘ಎಲ್ಲರೂ ಓದಬೇಕಾದ ಕೃತಿ’ ಎಂದು ಸೇರಿಸಿ ಕೊಟ್ಟಿರುತ್ತಿದ್ದರು. ಸರ್ ಬೇಸತ್ತು ಒಂದು ದಿನ ತರಗತಿಯಲ್ಲೇ ಹೇಳಿದರು: ಪುಸ್ತಕವೇ ಆಗಬೇಕೆಂದಿಲ್ಲ, ನೀವು ಪೂರ್ತಿ ನೋಡಿದ್ದು, ಕೇಳಿದ್ದು, ಆಡಿದ್ದು ಯಾವುದಾದರೂ ಸರಿ, ಅದರ ಬಗ್ಗೆ ಬರೆಯಿರಿ. ಆ ‘ಪೂರ್ತಿ’ ಎಂಬ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ‘ಆಡಿದ್ದು’ ಎನ್ನುವುದಷ್ಟೇ ಬಿದ್ದಿತ್ತು.

ಆಟ ಇದ್ದದ್ದು ಲಿಂಗಸುಗೂರಿನಲ್ಲಿ, ಅಕ್ಕನ ಮನೆಯಲ್ಲಿ. ಭಾವನದು ರೇಡಿಯೋ ಟಿವಿ ರಿಪೇರಿಯ ಅಂಗಡಿ. ಬಿಡಿಭಾಗ ತರಲು ಹೈದರಾಬಾದಿಗೆ ಹೋದಾಗ ಒಂದು ಟಿವಿ ಗೇಮಿನ ಡಬ್ಬಿ, ಜೊತೆಗೆ ಕೈಗೆ ಸಿಕ್ಕ ಒಂದು ಕ್ಯಾಸೆಟ್ಟು ತಂದಿದ್ದರು. ಕಾರು ಓಡಿಸುವುದೋ ಗುಂಡು ಹೊಡೆಯುವುದೋ ಇರಬಹುದು ಎಂದುಕೊಂಡು ಹಾಕಿದರೆ ಪರದೆಯ ತುಂಬ ಇಂಗ್ಲಿಷ್ ಮಾತುಗಳು. ಭಾವ ಎರಡು ದಿನ ನೋಡಿ, ಇದು ಓದುವ ಆಟ, ನಮ್ಮಂಥವರದಲ್ಲ ಎಂದು ಕೈಬಿಟ್ಟರು. ಅಕ್ಕ ಬಿಡಲಿಲ್ಲ. ಹತ್ತನೆಯ ಇಯತ್ತೆ ಮುಗಿಯುತ್ತಲೇ ಅವಳ ಮದುವೆಯಾಗಿತ್ತು. ಮುಂದೆ ಓದುವ ಆಸೆ ಇತ್ತೆಂದು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನಾನು ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋದರೆ ನನಗಿಂತ ಮೊದಲು ನನ್ನ ಚೀಲದಲ್ಲಿದ್ದ ಡಿಕ್ಷನರಿಯನ್ನು ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು.

ಕಥೆ ಹೀಗಿತ್ತು. ಒಂದು ನಾಡಿನಲ್ಲಿ ಬೆಂಕಿಯೇ ಆರಿಹೋಗಿದೆ. ಒಲೆ ಹೊತ್ತುವುದಿಲ್ಲ, ದೀಪ ಹತ್ತುವುದಿಲ್ಲ. ಕರಿಹೊಳೆಯ ಆಚೆ ದಂಡೆಯಲ್ಲಿ ಒಬ್ಬ ರಾಕ್ಷಸ ಆ ಬೆಂಕಿಯನ್ನೆಲ್ಲ ಇಟ್ಟುಕೊಂಡು ಕೂತಿದ್ದಾನೆ. ಅದನ್ನು ತರಲು ಹೊರಡುವವನು ರಾಜಕುಮಾರನಲ್ಲ, ಒಬ್ಬ ಅಂಬಿಗ. ಊರಿಂದೂರಿಗೆ ಅಲೆದು, ಜೊತೆಗಾರರನ್ನು ಕಟ್ಟಿಕೊಂಡು, ಕಾಡಿನ ಪ್ರಾಣಿಗಳ ಜೊತೆ ಬಡಿದಾಡಿ, ಕತ್ತಿ ಔಷಧಿ ಕೂಡಿಸಿಕೊಂಡು ಅವನು ಹೊಳೆಯ ತನಕ ಹೋಗಬೇಕು. ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಯಾವ ದಾರಿ, ಯಾರ ಜೊತೆ ಮಾತು ಎಂಬುದನ್ನು ಅಕ್ಕ ತೀರ್ಮಾನಿಸುತ್ತಿದ್ದಳು. ಅಂಬಿಗನಿಗೆ ಒಬ್ಬ ತಾಯಿ. ಮನೆಗೆ ಹೋದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಾಳೆ, ಉಂಡು ಹೋಗು ಎಂದು. ಅದನ್ನು ಕೇಳಿದರೆ ಅವನ ಗಾಯವೆಲ್ಲ ಮಾಯ. ಅಗತ್ಯವಿರಲಿ ಬಿಡಲಿ, ಆಟ ನಿಲ್ಲಿಸುವ ಮೊದಲು ಅಕ್ಕ ಅವನನ್ನು ಎಷ್ಟು ದೂರದಿಂದಾದರೂ ಮನೆಗೆ ನಡೆಸಿಕೊಂಡು ಬರುತ್ತಿದ್ದಳು. ನನಗೆ ಅದು ವ್ಯರ್ಥ ತಿರುಗಾಟ ಎನಿಸುತ್ತಿತ್ತು.

ನಿಲ್ಲಿಸುವಾಗ ಆಟ ಅಕ್ಷರ, ಅಂಕಿಗಳ ಒಂದು ಉದ್ದನೆಯ ಗುರುತಿನ ಸಾಲು ಕೊಡುತ್ತಿತ್ತು. ಅದನ್ನು ಬರೆದಿಟ್ಟು ಮುಂದಿನ ಸಲ ಹೊಡೆದರೆ ಬಿಟ್ಟ ಕಡೆಯಿಂದ ಶುರು. ಒಂದು ಶನಿವಾರ ಸಂಜೆ ಊರಿಗೆ ಮರಳುವ ಬಸ್ಸಿನ ಅವಸರದಲ್ಲಿ ನಾನು ಅದನ್ನು ಬರೆದುಕೊಳ್ಳುವಾಗ ಸೊನ್ನೆಗೂ ಇಂಗ್ಲಿಷಿನ ‘ಓ’ಗೂ ವ್ಯತ್ಯಾಸ ಮಾಡಲಿಲ್ಲ. ಮುಂದಿನ ವಾರ ಹೊಡೆದರೆ ತಪ್ಪು ಎಂದಿತು. ಅದಲು ಬದಲು ಮಾಡಿ ಹೊಡೆದೆವು. ಸಂಜೆಯ ತನಕ ಹೊಡೆದೆವು. ಹಳೆಯ ಚೀಟಿಗಳನ್ನು ಆಯಾ ವಾರವೇ ಹರಿದು ಹಾಕಿದ್ದೆವು. ನಾಲ್ಕು ತಿಂಗಳ ನಡಿಗೆ ಹೋಗಿಬಿಟ್ಟಿತ್ತು. ಅಕ್ಕ ನನ್ನನ್ನು ಬೈಯಲಿಲ್ಲ. ಮೊದಲಿನಿಂದ ಆಡೋಣ ಬಿಡು ಎಂದಳು. ಆದರೆ ನನ್ನ ಪರೀಕ್ಷೆ ಬಂತು, ಅವರ ಮನೆಗೆ ನೆಂಟರು ಬಂದರು, ಡಬ್ಬಿ ಅಲಮಾರಿಯ ಮೇಲೆ ಹೋಯಿತು.

ಈ ಆಟದ ಬಗ್ಗೆ ನಾನು ಎರಡು ಹಾಳೆ ಬರೆದುಕೊಟ್ಟೆ. ಅಂಬಿಗ ನಾಯಕನಾಗಿದ್ದು ಹೊಸತು, ತಾಯಿಯ ಪಾತ್ರ ಕರುಳು ಮಿಡಿಸುತ್ತದೆ ಎಂದೆಲ್ಲ ಅಕ್ಕನ ಮಾತುಗಳನ್ನೇ ನನ್ನವೆಂಬಂತೆ ಇಳಿಸಿದೆ. ಕೊನೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ‘ಅಂತಿಮವಾಗಿ ಅಂಬಿಗನು ರಾಕ್ಷಸನನ್ನು ಸಂಹರಿಸಿ ಆ ನಾಡಿನ ಅರಸನಾಗುವುದು ಅತ್ಯಂತ ಅರ್ಥಪೂರ್ಣ’ ಎಂದು ಬರೆದೆ. ಸರ್ ಖುಷಿಪಟ್ಟು ಚೌಕಟ್ಟಿನ ನಡುವೆ ಹಚ್ಚಿದರು. ಒಂದು ವಾರ ನಾನು ಕೆಲಸವಿಲ್ಲದಿದ್ದರೂ ಗ್ರಂಥಾಲಯದ ಮುಂದೆ ಸುಳಿದಾಡಿದೆ.

ಎರಡನೆಯ ವಾರ ನನ್ನ ವಿಮರ್ಶೆಯ ಪಕ್ಕ ಗಾಜಿನ ಹೊರಮೈಗೆ ಅಂಟಿಸಿದ ಇನ್ನೊಂದು ಹಾಳೆ ಕಂಡಿತು. ದುಂಡನೆಯ ಅಕ್ಷರ, ಹೆಸರಿಲ್ಲ. ಈ ಆಟದ ಕೊನೆಯಲ್ಲಿ ಸಂಹಾರವೇ ಇಲ್ಲ, ಅಂಬಿಗ ಅರಸನೂ ಆಗುವುದಿಲ್ಲ, ವಿಮರ್ಶಕರು ಆಟ ಮುಗಿಸಿದಂತಿಲ್ಲ ಎಂದಿತ್ತು. ನಿಜವಾದ ಕೊನೆಯೇನೆಂದು ಮುಂದೆ ಆಡುವವರ ಸಲುವಾಗಿ ತಾನು ಬರೆಯುವುದಿಲ್ಲ ಎಂದೂ ಇತ್ತು. ಹುಡುಗರು ನನ್ನನ್ನು ‘ಅರಸ’ ಎಂದು ಕರೆಯತೊಡಗಿದರು. ಸರ್ ಕೋಣೆಗೆ ಕರೆಸಿದರು.

“ನೀ ಆಟ ಪೂರ್ತಿ ಆಡೀಯೇನು?”

“ಇಲ್ರಿ ಸರ್. ಅರ್ಧಕ್ಕ ನಿಂತೈತ್ರಿ.”

“ಮತ್ತ ಕೊನಿ ಹ್ಯಾಂಗ ಬರದಿ?”

ಹಾಗೇ ಇರಬಹುದೆಂದು ಬರೆದೆ ಎಂದೆ. ಸರ್ ಸಿಟ್ಟಾಗಲಿಲ್ಲ. “ಇರಬಹುದು ಅಂತ ಬರದ್ರ ಅದು ಕತಿ ಆಗತೈತಿ, ವಿಮರ್ಶೆ ಆಗಂಗಿಲ್ಲ. ಅದನ್ನ ಯಾರು ಬರದಾರ ಹುಡುಕು. ಕೊನಿ ನೋಡು. ಆಮ್ಯಾಲೆ ಮತ್ತ ಬರಿ.”

ಹುಡುಕುವುದು ಕಷ್ಟವಾಗಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಒಯ್ಯುವವರು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಆ ದುಂಡನೆಯ ಅಕ್ಷರ ಅಲ್ಲಿ ಪುಟಕ್ಕೊಂದು ಕಡೆ ಇತ್ತು. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ನನಗಿಂತ ಒಂದು ವರ್ಷ ಮುಂದಿದ್ದ ಹುಡುಗಿ. ಮಾತಾಡಿಸಲು ಎರಡು ದಿನ ಧೈರ್ಯ ಬರಲಿಲ್ಲ. ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ.

“ಹೌದ್ರಿ, ನಾನ ಬರದೀನಿ. ಹೆಸರು ಹಾಕಿದ್ರ ಹುಡುಗೂರು ಬಸ್ಸಿನಾಗ ಕಾಡಸ್ತಾರಂತ ಹಾಕಲಿಲ್ಲ,” ಎಂದಳು. ಆಮೇಲೆ, “ತಾಯಿ ಬಗ್ಗೆ ಬರದಿದ್ದು ಛಲೋ ಐತ್ರಿ. ಅದಕ್ಕ ಸಿಟ್ಟು ಬಂತು. ಇಷ್ಟು ನೋಡಿದವರು ಕೊನಿ ಯಾಕ ನೋಡಲಿಲ್ಲ ಅಂತ,” ಎಂದಳು.

ತಾಯಿಯ ಮಾತು ನನ್ನದಲ್ಲ, ಅಕ್ಕನದು ಎಂದು ಅಲ್ಲಿಯೇ ಒಪ್ಪಿಕೊಂಡೆ. ಗುರುತಿನ ಅಕ್ಷರ ಕಳೆದದ್ದನ್ನೂ ಹೇಳಿದೆ. ಅವಳಿಗೆ ನಗು ಬಂತು. ಅದೇ ಆಟ ಅವರ ಮನೆಯಲ್ಲೂ ಇತ್ತು, ಕರಿಹೊಳೆಯ ದಂಡೆ ಮುಟ್ಟಿದಾಗಿನ ಅಕ್ಷರಗಳೂ ಭದ್ರವಾಗಿದ್ದವಂತೆ. ಅಕ್ಕನನ್ನು ಕರೆದುಕೊಂಡು ಮಸ್ಕಿಗೆ ಬನ್ನಿ, ಅಪ್ಪನಿಗೆ ಹೇಳಿಡುತ್ತೇನೆ ಎಂದಳು. ಆಡಿದ್ದು ತಾನೊಬ್ಬಳೇ ಅಲ್ಲ, ಅಪ್ಪನೂ ಆಡಿದ್ದಾರೆ ಎಂದಾಗ ನಾನು ನಂಬಲಿಲ್ಲ.

ಭಾನುವಾರ ಅಕ್ಕ ಲಿಂಗಸುಗೂರಿನಿಂದ, ನಾನು ಸಿಂಧನೂರಿನಿಂದ ಹೊರಟು ಮಸ್ಕಿಯಲ್ಲಿ ಕೂಡಿದೆವು. ಭಾವನೂ ಬಂದಿದ್ದರು. ನಮ್ಮನ್ನು ಮನೆಗೆ ಮುಟ್ಟಿಸಿ, ಚಾ ಕುಡಿದು, ಪರಿಚಯದ ಒಬ್ಬರ ರೇಡಿಯೋ ನೋಡುವುದಿದೆ ಎಂದು ಹೋದರು. ಹುಡುಗಿಯ ಅಪ್ಪ ಜವಳಿ ವ್ಯಾಪಾರಸ್ಥರು. ಹಣೆಯ ತುಂಬ ವಿಭೂತಿ, ಬಿಳಿ ಧೋತರ, ತೂಗಿ ಆಡುವ ಮಾತು. ಇಂಗ್ಲಿಷ್ ಒಂದಕ್ಷರ ಬಾರದು. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಮಗಳಿಂದ ಓದಿಸಿಕೊಂಡು, ತಾವೇ ರಿಮೋಟು ಹಿಡಿದು ಆಡಿದ್ದರು. ಮುಗಿಸಲು ಎಂಟು ತಿಂಗಳು ಹಿಡಿದಿತ್ತಂತೆ. ಯಾಕೆ ಅಷ್ಟು ದಿನ ಎಂದರೆ, ಆ ಆಟದಲ್ಲಿ ಎಲ್ಲರೂ ಮಾಡುವ ಒಂದು ಕೆಲಸ ಅವರು ಮಾಡಲಿಲ್ಲ. ಅಂಬಿಗ ಯಾರ ಮನೆಗಾದರೂ ನುಗ್ಗಿ ಪೆಟ್ಟಿಗೆ ತೆರೆದು ಇದ್ದದ್ದನ್ನು ಎತ್ತಿಕೊಳ್ಳಬಹುದಿತ್ತು. ಇವರು ಒಂದು ಪೆಟ್ಟಿಗೆಯನ್ನೂ ಮುಟ್ಟಗೊಡಲಿಲ್ಲ. ಕತ್ತಿಯಿಂದ ಹಿಡಿದು ಕಂಬಳಿಯ ತನಕ ದುಡಿದು ಅಂಗಡಿಯಲ್ಲೇ ಕೊಂಡಿದ್ದರು.

“ಯಾರದರೆ ಮನಿ ಹೊಕ್ಕು ಪೆಟಗಿ ತಗದ್ರ ನಾವು ಹಿಡಕೊಡ್ತೀವಿ. ಇವ ತಗದ್ರ ನಾಯಕ ಅಂತೀರಿ. ಒಂದು ಮಾತು ಕೇಳಿ ತಗೋಬೇಕಿತ್ತಿಲ್ಲೇನು, ತಮ್ಮಾ?” ಎಂದು ನನ್ನನ್ನು ಕೇಳಿದರು. ನಾವು ಅಷ್ಟೂ ಪೆಟ್ಟಿಗೆ ಖಾಲಿ ಮಾಡಿದವರು. ಅಕ್ಕ ನನ್ನ ಮುಖ ನೋಡಲಿಲ್ಲ.

ಮಗಳು ಅಕ್ಷರ ಹೊಡೆದಳು. ಕರಿಹೊಳೆ ಬಂತು. ಅಪ್ಪ ರಿಮೋಟನ್ನು ಅಕ್ಕನ ಕೈಗೆ ಕೊಟ್ಟರು. ಆಚೆ ದಂಡೆಯಲ್ಲಿ ರಾಕ್ಷಸ ಎದ್ದು ನಿಂತು ಮಾತಾಡತೊಡಗಿದ. ಹುಡುಗಿ ನನಗಿಂತ ಚೆನ್ನಾಗಿ ಕನ್ನಡ ಮಾಡಿ ಹೇಳುತ್ತಿದ್ದಳು. ಅವನು ರಾಕ್ಷಸನಲ್ಲ. ಬಹಳ ಹಿಂದೆ ಅಂಬಿಗನ ಊರಿನಿಂದಲೇ ಬೆಂಕಿ ತರಲು ಬಂದವನು. ಬೆಂಕಿ ಸಿಕ್ಕಿತು, ಆದರೆ ಅವನನ್ನು ಹಿಂದಕ್ಕೆ ದಾಟಿಸಲು ಯಾವ ದೋಣಿಯೂ ಬರಲಿಲ್ಲ. ಕಾಯುತ್ತ ಕಾಯುತ್ತ ಹೀಗಾಗಿದ್ದಾನೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಇವನನ್ನು ದೋಣಿಗೆ ಹತ್ತಿಸಿಕೊಳ್ಳುವೆಯಾ? ಕೆಳಗೆ ಹೌದು, ಇಲ್ಲ.

ನಮಗೆ ಯಾರೂ ಹೇಳಿಕೊಡಲಿಲ್ಲ. ನಾನಾಗಿದ್ದರೆ ಇದು ಮೋಸವಿರಬಹುದು ಎಂದು ಕತ್ತಿ ತೆಗೆಯುತ್ತಿದ್ದೆ. ಅಕ್ಕ ‘ಹೌದು’ ಒತ್ತಿದಳು. ದೋಣಿ ಅಂಬಿಗನನ್ನೂ ಅವನನ್ನೂ ಬೆಂಕಿಯನ್ನೂ ಹೊತ್ತು ಈ ದಂಡೆಗೆ ಬಂತು. ಊರಿನ ಕಿಟಕಿಗಳಲ್ಲಿ ಒಂದೊಂದೇ ದೀಪ ಹತ್ತಿದವು. ಅಂಬಿಗ ಮನೆಗೆ ಹೋದ. ತಾಯಿ ಉಂಡು ಹೋಗು ಎಂದಳು. ಆಟ ಮುಗಿಯಿತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ವ್ಯಾಪಾರಸ್ಥರು ಮಾತ್ರ ಇಲ್ಲಿಯೇ ತಮ್ಮ ಎರಡನೆಯ ತಕರಾರು ತೆಗೆದರು. ಮಗ ಸಾವಿನ ಬಾಯಿಂದ ಬಂದಿದ್ದಾನೆ, ಎಲ್ಲಿಗೂ ಹೋಗುವುದಿಲ್ಲ, ಆದರೂ ಇವಳು ಹಳೆಯ ಮಾತನ್ನೇ ಹೇಳುತ್ತಾಳೆ, ಬರೆದವರು ಇಲ್ಲಿ ದಣಿದು ಬೇರೆ ಮಾತು ಹಾಕದೆ ಬಿಟ್ಟಿದ್ದಾರೆ ಎಂಬುದು ಅವರ ವಾದ. ಅಕ್ಕ ಹಿರಿಯರಿಗೆ ಎದುರು ಮಾತಾಡುವವಳಲ್ಲ. ಅಂದು ಮಾತಾಡಿದಳು.

“ದಣದಿಲ್ರಿ ಕಾಕಾರ. ಅವ್ವ ಮತ್ತೇನ್ ಅಂತಾಳ್ರಿ? ನಾ ಎರಡು ತಿಂಗಳಿಗೊಮ್ಮಿ ತವರುಮನಿಗಿ ಹೋದ್ರೂ ನಮ್ಮವ್ವ ಅದನ್ನ ಅಂತಾಳ. ಅಳಾಕ ಬಂದ್ರೂ ಅದನ್ನ ಅಂತಾಳ.”

ವ್ಯಾಪಾರಸ್ಥರು ಒಪ್ಪಲಿಲ್ಲ. ಅವರ ಹೆಂಡತಿ ತಿನ್ನಲು ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ತಂದಿಟ್ಟರು; ಅವು ಮುಗಿಯುವ ತನಕ ವಾದ ನಡೆಯಿತು. ಹುಡುಗಿ ಯಾರ ಕಡೆಗೂ ಸೇರದೆ, ಇಬ್ಬರ ಮಾತಿಗೂ ಆಟದಿಂದಲೇ ಉದಾಹರಣೆ ಕೊಡುತ್ತಿದ್ದಳು. ಅಕ್ಕ ಅಷ್ಟು ಹೊತ್ತು ಒಂದು ವಿಷಯದ ಮೇಲೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಭಾವ ಕರೆಯಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು. ಅಲಮಾರಿಯ ಮೇಲಿನ ಡಬ್ಬಿಯನ್ನು ಅದೇ ವಾರ ಕೆಳಗಿಳಿಸಿದರಂತೆ.

ನಾನು ಎರಡನೆಯ ವಿಮರ್ಶೆ ಬರೆದೆ. ಮೊದಲ ಸಾಲಿನಲ್ಲೇ ತಪ್ಪೊಪ್ಪಿಕೊಂಡೆ. ಯಾವ ಮಾತು ಯಾರದು ಎಂದು ಬಿಡಿಸಿ ಹಾಕಿದೆ, ಅಕ್ಕನದು ಇಷ್ಟು, ಮಸ್ಕಿಯ ವ್ಯಾಪಾರಸ್ಥರದು ಇಷ್ಟು ಎಂದು. ಕೊನೆಯೇನೆಂದು ಬರೆಯಲಿಲ್ಲ. ನನ್ನದೆಂದು ಉಳಿದದ್ದು ಮೂರು ಸಾಲು. ಆ ಸಲ ಚೌಕಟ್ಟಿನ ಮುಂದೆ ನಿಂತು ಓದುವವರು ಜಾಸ್ತಿಯಾದರು. ‘ಅರಸ’ ಎಂಬ ಹೆಸರು ಮಾತ್ರ ಹೋಗಲಿಲ್ಲ.

ಒಂದು ದಿನ ಜವಳಿ ಖರೀದಿಗೆ ಸಿಂಧನೂರಿಗೆ ಬಂದಿದ್ದ ಆ ವ್ಯಾಪಾರಸ್ಥರು ಕಾಲೇಜಿಗೇ ಬಂದುಬಿಟ್ಟರು. ಚೌಕಟ್ಟಿನ ಮುಂದೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. ನಾನೂ ಸರ್ ಕೂಡ ಪಕ್ಕದಲ್ಲಿದ್ದೆವು. ಓದಿ ಮುಗಿಸಿ ಒಂದು ಸಾಲಿನ ಮೇಲೆ ಮತ್ತೆ ಬೆರಳಿಟ್ಟರು. ‘ಅವರ ಪ್ರಕಾರ ನಾಯಕನು ಕಳ್ಳ’ ಎಂದು ನಾನು ಬರೆದಿದ್ದೆ.

“ನಾ ಕಳ್ಳ ಅಂದಿಲ್ರಿ. ಕೇಳಿ ತಗೋಬೇಕಿತ್ತು ಅಂದೀನಿ. ಎರಡಕ್ಕೂ ಭಾಳ ಫರಕ್ ಐತಿ.”

ಸರ್ ನನ್ನ ಕಡೆ ನೋಡಿದರು. ಅವರು ಹೇಳಿದ್ದೇ ಸರಿ ಎಂದೆ. ಸರ್ ಕೀಲಿ ತರಿಸಿ ಗಾಜು ತೆಗೆದು, ಕೆಂಪು ಶಾಯಿಯಲ್ಲಿ ಆ ಸಾಲು ಹೊಡೆದುಹಾಕಿ, ವ್ಯಾಪಾರಸ್ಥರ ಮಾತನ್ನು ಹೇಳಿದ ಹಾಗೆಯೇ ಮೇಲೆ ಬರೆದರು. ಆಮೇಲೆ ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಆ ಆಟದ ಕಥೆಯನ್ನು ಮೊದಲಿನಿಂದ ಹೇಳಿಸಿಕೊಂಡರು. ಕಥೆ ಕರಿಹೊಳೆಯ ಹತ್ತಿರ ಬರುವ ಹೊತ್ತಿಗೆ ಮಸ್ಕಿಯ ಬಸ್ಸು ಹೊರಟುಹೋಗಿತ್ತು. ಹೋಗಲಿ, ಮುಂದಿನದಕ್ಕೆ ಹೋದರಾಯಿತು ಎಂದು ವ್ಯಾಪಾರಸ್ಥರು ಇನ್ನೊಂದು ಚಾ ಹೇಳಿದರು. ನಾನು ಅವರಿಬ್ಬರ ನಡುವೆ ಕೂತು ಕೊನೆಯ ತನಕ ಕೇಳಿದೆ.