ನೀಲಮ್ಮನ ಎಡಗೈ

ಕಲಬುರಗಿ ಕಡೆಯ ನರೋಣಾಕ್ಕೆ ಬಂದ ಮರುದಿನ ಬೆಳಿಗ್ಗೆ ಐದೂವರೆಗೆ ಪಡಸಾಲೆಯ ದೀಪ ಹಾಕಿದೆ. ಮನೆಯೊಡತಿ ಗುರುಬಸವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಎಡಗೈ ಎದೆಯ ಮಟ್ಟಕ್ಕೆ ಚಾಚಿತ್ತು. ಕಣ್ಣು ತೆರೆದಿದ್ದರೂ ರೆಪ್ಪೆ ಬಡಿಯುತ್ತಿರಲಿಲ್ಲ. ಎರಡು ಸಲ ಕರೆದರೂ ತಲೆ ತಿರುಗಿಸಲಿಲ್ಲ. ಲಕ್ವ ಹೊಡೆದಿದೆ ಎಂದು ತೀರ್ಮಾನಿಸಿ ಒಳಗೆ ಓಡಿ ಅಕ್ಕನ ಮಗಳು ಶಾಲಿನಿಯನ್ನು ಎಬ್ಬಿಸಿದೆ. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಬಂದು ನೋಡಿದವಳೇ ನನ್ನ ತೋಳು ಹಿಡಿದು ಒಳಗೆಳೆದುಕೊಂಡಳು. "ಚಿಕ್ಕಮ್ಮ, ಅವರು ಪೂಜೆಗೆ ಕೂತಿದ್ದಾರೆ. ಕೈಯಲ್ಲಿ ಇಷ್ಟಲಿಂಗ ಇದೆ."

ಅರ್ಧ ಗಂಟೆಯ ಮೇಲೆ ಗುರುಬಸವ್ವ ನಮ್ಮ ಬಾಗಿಲಿಗೆ ಬಂದರು. "ಯಾಕ್ರಿ ಬಾಯಾರ, ನಾ ಸತ್ತೆ ಅಂತ ತಿಳದ್ರೇನು? ಸಾಯೂದಿದ್ರ ಚಹಾ ಕುಡದೇ ಸಾಯ್ತೇನಿ. ಬರ್ರಿ, ನೀವೂ ಕುಡೀರಿ." ಬಾಯಾರು ಎಂದರೆ ಇಲ್ಲಿ ಶಾಲೆ ಕಲಿಸುವ ಹೆಂಗಸು, ಹಾಸ್ಟೆಲು ನೋಡಿಕೊಂಡ ನನಗೂ ಅದೇ ಹೆಸರು.

ಮಂಗಳೂರಿನ ನಮ್ಮ ಚರ್ಚಿನ ಸಭೆಯ ಹೆಂಗಸರೇ, ಹೇಗಿದ್ದೀರಿ ಎಂದು ಪ್ರತಿ ತಿಂಗಳೂ ಕೇಳುತ್ತೀರಿ. ಊಟದಿಂದ ಶುರು ಮಾಡುತ್ತೇನೆ. ಕುಚ್ಚಲಕ್ಕಿ ಇಲ್ಲ, ಮೀನಂತೂ ಇಲ್ಲವೇ ಇಲ್ಲ. ಜೋಳದ ರೊಟ್ಟಿ ಮತ್ತು ಹುಳಿ ಸೊಪ್ಪಿನ ಪುಂಡಿಪಲ್ಯ. ಮೊದಲ ತಿಂಗಳು ರೊಟ್ಟಿ ಗಂಟಲಲ್ಲಿ ನಿಲ್ಲುತ್ತಿತ್ತು, ಈಗ ಇಳಿಯುತ್ತದೆ. ಅಲ್ಲಿ ಕಿಟಕಿ ತೆರೆದರೆ ಹಸಿರು ಕಣ್ಣಿಗೆ ಅಡ್ಡ ನಿಲ್ಲುತ್ತಿತ್ತು. ಇಲ್ಲಿ ತೊಗರಿ ಹೊಲದ ಆಚೆ ನೋಟಕ್ಕೆ ತಡೆಯೇ ಇಲ್ಲ. ನನ್ನ ಕನ್ನಡ ಕೇಳಿ ಅಂಗಡಿಯವರು "ಪುಸ್ತಕ ಓದಿದಂಗ ಮಾತಾಡ್ತೀರಿ" ಎಂದು ನಗುತ್ತಾರೆ. ಗಂಟೆ ಬಾರಿಸುವವರಿಲ್ಲದ ಕಾರಣ ಮಸೀದಿಯ ಮೊದಲ ಬಾಂಗಿಗೆ ಏಳುತ್ತೇನೆ.

ಗಂಟೆ ಇಲ್ಲದೆ ಬದುಕುವುದು ನನಗೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಟ್ರನ್ ಆಗಿದ್ದವಳು ನಾನು. ಐದಕ್ಕೆ ಏಳುವುದು, ಐದೂವರೆಗೆ ಪ್ರಾರ್ಥನೆ. ನಿವೃತ್ತಿಯಾದ ಮೇಲೆ ಅಕ್ಕನ ಮನೆಯಲ್ಲೂ ಅದೇ ನಡೆಯಿತು. ಅಕ್ಕ ತೀರಿಕೊಂಡಳು. ಮನೆ ಖಾಲಿ ಮಾಡಿ ಅವಳ ಮಗಳ ಜೊತೆ ಇಲ್ಲಿಗೆ ಬಂದೆ. ಆದರೆ ನಿಮಗೆ ಹೇಳದೇ ಬಂದದ್ದು ಒಂದಿದೆ. ಅಕ್ಕನನ್ನು ಮಣ್ಣು ಮಾಡಿದ ದಿನದಿಂದ ನನ್ನ ಪ್ರಾರ್ಥನೆ ಸತ್ತಿತ್ತು. ಸಮಯಕ್ಕೆ ಸರಿಯಾಗಿ ಕೂರುತ್ತಿದ್ದೆ, ಬಾಯಿ ತಪ್ಪಿಲ್ಲದೆ ಹೇಳುತ್ತಿತ್ತು, ಕೇಳುವವರು ಮಾತ್ರ ಯಾರೂ ಇರಲಿಲ್ಲ. ದೇವರಿಲ್ಲದೆ ಸಾಯುತ್ತೇನೆ ಎಂಬ ಭಯ ಹಿಡಿದಿತ್ತು.

ಅದಕ್ಕೇ ಒಂದು ದಿನ ಗುರುಬಸವ್ವರನ್ನು ಕೇಳಿದೆ. "ಅಷ್ಟು ಹೊತ್ತು ದೇವರಲ್ಲಿ ಏನು ಬೇಡುತ್ತೀರಿ?"

"ಬೇಡೂದಾ? ಏನೂ ಬೇಡಂಗಿಲ್ರಿ. ನಾ ಅದನ್ನ ನೋಡ್ತೇನಿ, ಅದು ನನ್ನ ನೋಡ್ತದ. ಅಫಜಲಪುರದ ಕಡಿ ಅತನೂರ ನನ್ನ ತವರುಮನಿ. ಅಲ್ಲಿ ನಮ್ಮವ್ವ ಕಲಿಸಿದ್ದು ಇಷ್ಟ." ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿಮ್ಮ ಪ್ರಾರ್ಥನಾ ನಾ ಕೇಳೇನಿ ಬಾಯಾರ. ಹಾಜರಿ ಕರದಂಗ ಅದ. ಎಲ್ಲಾರ ಹೆಸರು ಹೇಳ್ತೀರಿ, ಅವನಿಗಿ ಮಾತಾಡಾಕ ಪುರಸೊತ್ತೇ ಕೊಡಂಗಿಲ್ಲ."

ಸಿಟ್ಟು ಬಂತು. ಮಾತು ನಿಜವಾದ್ದರಿಂದ ಸಿಟ್ಟು ಉಳಿಯಲಿಲ್ಲ. ಮರುದಿನ ನನ್ನ ಕೋಣೆಯಲ್ಲಿ ಬರಿಯ ಎಡಗೈಯನ್ನು ತೆರೆದು ಕೂತೆ. ಅದರಲ್ಲಿ ಏನನ್ನೂ ಇಡಲಿಲ್ಲ. ಅವರ ಲಿಂಗ ಅವರದು, ನನ್ನ ಕರ್ತನು ನನ್ನವನು. ಅವರಿಂದ ನಾನು ತೆಗೆದುಕೊಂಡದ್ದು ಸುಮ್ಮನೆ ಕೂರುವುದನ್ನು ಮಾತ್ರ. ವಾರಗಟ್ಟಲೆ ಕೈ ನೋಯುವುದಷ್ಟೇ ಆಯಿತು.

ಆಮೇಲೆ ಒಂದು ಭಾನುವಾರ ಕಲಬುರಗಿಯ ಸಭೆಯಲ್ಲಿ ಕರ್ತನ ಭೋಜನಕ್ಕೆ ಹೋದೆ. ನಮ್ಮಲ್ಲಿಯ ಹಾಗೇ, ಇದು ಕರ್ತನ ದೇಹ ಎಂದು ರೊಟ್ಟಿಯ ತುಂಡನ್ನು ಅಂಗೈಯಲ್ಲಿ ಇಡುತ್ತಾರೆ. ಅರುವತ್ತು ವರ್ಷ ಅದನ್ನು ಬಾಯಿಗೆ ಹಾಕಿಕೊಂಡು ಸಾಲು ಬಿಟ್ಟವಳು ನಾನು. ಆ ದಿನ ನಿಂತು ನೋಡಿದೆ. ಮುರಿದ ಅಂಚು, ಅಂಗೈಯ ಗೆರೆ. ಇವನು ಇಷ್ಟು ಕಾಲ ನನ್ನ ಕೈಯಲ್ಲೇ ಇದ್ದ, ನಾನು ನುಂಗಿ ಮುಂದೆ ಹೋಗುತ್ತಿದ್ದೆ. ಅವನು ನನ್ನನ್ನು ನೋಡುತ್ತಿದ್ದಾನೆ ಎಂದು ತಿಳಿಯಿತು. ಹಿಂದಿನವರು ಮೆಲ್ಲಗೆ, "ಅಮ್ಮಾರ, ಲೈನ್ ನಿಂತದ್ರಿ" ಎಂದರು. ಅಕ್ಕ ಸತ್ತಾಗಲೂ ಅಳದಿದ್ದವಳು ಆ ಸಾಲಿನಲ್ಲಿ ನಿಂತು ಅತ್ತೆ.

ವಾಪಸು ಬಸ್ಸಿನಲ್ಲಿ ಕೂತು ಮಡಿಲಲ್ಲಿ ತೆರೆದಿದ್ದ ಎಡಗೈ ನೋಡಿದಾಗ, ಹೀಗೆ ತೆರೆದ ಕೈಯನ್ನು ಹಿಂದೆ ಎಂದೋ ನೋಡಿದ್ದೇನೆ ಎನ್ನಿಸಿತು. ನೀಲಮ್ಮನ ಕೈ.

ನೀಲಮ್ಮ ಜೇವರ್ಗಿ ಕಡೆಯ ಹುಡುಗಿ. ತಂದೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದ ಮೇಲೆ ಹತ್ತು ವರ್ಷದವಳನ್ನು ನಮ್ಮ ಹಾಸ್ಟೆಲಿಗೆ ತಂದುಬಿಟ್ಟಿದ್ದರು. ಪ್ರಾರ್ಥನೆಯಲ್ಲಿ ಎಲ್ಲರೂ ಕೈ ಜೋಡಿಸಿ ಕಣ್ಣು ಮುಚ್ಚಿದರೆ ಅವಳು ಎಡಗೈ ತೆರೆದು ಅದನ್ನೇ ನೋಡುತ್ತಿದ್ದಳು. ಯಾಕೆಂದು ಕೇಳಿದೆ. "ಯೇಸಪ್ಪನ ಇಲ್ಲಿ ಕುಂಡ್ರಿಸೇನ್ರಿ" ಎಂದಳು. ಲಿಂಗ ಪೂಜಿಸುವ ಅಜ್ಜಿಯಿಂದ ಬಂದ ಅಂಧಾಚಾರ ಎಂದುಕೊಂಡೆ. ಒಂದು ವಾರ ಎಲ್ಲ ಹುಡುಗಿಯರ ಮುಂದೆ ಅವಳನ್ನು ನಿಲ್ಲಿಸಿ, ನಾನೇ ಆ ಎರಡು ಕೈ ಹಿಡಿದು ಜೋಡಿಸಿದೆ. ಎಂಟನೆಯ ದಿನ ತಾನಾಗಿ ಜೋಡಿಸಿದಳು. ದಾರಿಗೆ ಬಂದಳು ಎಂದು ಸಂತೋಷಪಟ್ಟೆ.

ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನು ಮಾಡಿದೆ. ನೀಲಮ್ಮನಿಗೆ ಜೇವರ್ಗಿಯಲ್ಲಿ ಹೊಲಿಗೆ ಅಂಗಡಿ ಇದೆ ಎಂದಳು. ಗುರುವಾರ ಎರಡು ಬಸ್ಸು ಬದಲಿಸಿ ಹೋದೆ. ಐವತ್ತರ ಹೆಂಗಸು ಮಷಿನ್ನಿನಿಂದ ತಲೆ ಎತ್ತಿ ಒಂದೇ ನೋಟಕ್ಕೆ ನನ್ನನ್ನು ಗುರುತಿಸಿ ಎದ್ದು ನಿಂತಳು. ಅವಳ ಎರಡು ಕೈಯೂ ತಾವಾಗಿ ಜೋಡಿಸಿಕೊಂಡವು.

"ಕುಂಡ್ರ್ರಿ ಮೇಟ್ರನ್ನಮ್ಮ. ಬ್ಲೌಸ್ ಹೊಲಿಸಾಕ ಮಂಗಳೂರಿಂದ ಇಲ್ಲಿತನಕ ಬಂದ್ರೇನು?"

"ಕ್ಷಮೆ ಕೇಳಲು ಬಂದಿದ್ದೇನೆ, ನೀಲಮ್ಮ. ನಿನ್ನ ಕೈ ಜೋಡಿಸಿದ್ದು ನನ್ನ ತಪ್ಪು."

ಅವಳು ಕೂತು ಸೂಜಿಗೆ ದಾರ ಪೋಣಿಸಿದಳು.

"ನೀವು ಜೋಡಿಸಂದ್ರಿ, ಜೋಡಿಸ್ದೆ. ಆ ಜೋಡಿಸಿದ ಕೈಯಾಗ ಯಾರೂ ಬರಲಿಲ್ರಿ. ಊರಿಗಿ ಬಂದ ಮ್ಯಾಲ ಮೊದಲಿನಂಗ ತೆರದು ಕುಂತೆ. ಕಣ್ಣು ಇಟ್ಟ ಕೂಡ್ಲೇ ನಿಮ್ಮ ಮಾರಿ ಕಾಣ್ತಿತ್ತು. ಅದಕ್ಕ ಎರಡೂ ಬಿಟ್ಟೆ."

"ಗುಡಿಗೆ? ಚರ್ಚಿಗೆ?"

"ಎಲ್ಲಿಗೂ ಹೋಗಂಗಿಲ್ಲ. ಮೂವತ್ತು ವರ್ಷ ಮ್ಯಾಲಾತು. ಚಹಾ ತರಸ್ಲೇನ್ರಿ?"

ನಾನು ಈಗ ಅವಳ ಹಾಗೇ ಕೂರುತ್ತೇನೆ ಎಂದೆ. ಕಲಬುರಗಿಯ ಸಾಲಿನಲ್ಲಿ ನಡೆದದ್ದನ್ನೂ ಹೇಳಿದೆ. ಯಾಕೆ ಹೇಳಿದೆನೋ. ಅವಳಿಗೆ ಸಮಾಧಾನವಾದೀತು ಎಂದುಕೊಂಡಿರಬೇಕು. ಅವಳು ಸೂಜಿ ಕೆಳಗಿಟ್ಟು ನನ್ನ ಅಂಗೈಯನ್ನು ನೋಡಿದಳು. ಬಟ್ಟೆಯ ಅಳತೆ ನೋಡುವವರ ನೋಟ.

"ಚಲೋ ಆತು ಬಿಡ್ರಿ. ನನ್ನ ಕಡಿಂದ ಕಸಗೊಂಡಿದ್ದು ನಿಮಗರ ಉಪಯೋಗ ಬಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಬಂತು, ಕುಡಿದೆವು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಬಸ್ಸಿನತನಕ ಬಂದು ಕಳಿಸಿದಳು.

ಗುರುಬಸವ್ವರಿಗೆ ಎಲ್ಲ ಹೇಳಿದೆ. ಯಾವಾಗಲೂ ಬಾಯಿಗೆ ಬಾಯಿ ಕೊಡುವವರು ಈ ಸಲ, "ಇದಕ್ಕ ನನ್ನ ಕಡಿ ಏನೂ ಇಲ್ಲ ಬಾಯಾರ" ಎಂದು ಎದ್ದು ಒಲೆಯ ಕಡೆ ಹೋದರು.

ಯಾವಾಗ ಮರಳುತ್ತೀರಿ ಎಂದು ಕೇಳಿದ್ದೀರಿ. ಅಲ್ಲಿ ನನ್ನ ಜಾಗ ಎರಡನೆಯ ಬೆಂಚಿನ ತುದಿ, ನನಗೆ ನೆನಪಿದೆ. ಅಲ್ಲಿ ಕೂತರೆ ಕೈ ಜೋಡಿಸಬೇಕು, ಜೋಡಿಸಿದರೆ ನನ್ನ ಬೆರಳುಗಳ ನಡುವೆ ನೀಲಮ್ಮನ ಬೆರಳು ಸಿಗುತ್ತದೆ. ಇಲ್ಲಿ ಕೈ ತೆರೆಯುತ್ತೇನೆ, ತೆರೆದ ಕೈಯೂ ಅವಳದೇ. ಆ ಭಾನುವಾರ ನನ್ನನ್ನು ನೋಡಿದವನು ಜೇವರ್ಗಿಯಿಂದ ಬಂದ ಮೇಲೆ ಮತ್ತೆ ನೋಡಿಲ್ಲ.

ಆದರೂ ಬಾಂಗಿಗೆ ಏಳುತ್ತೇನೆ, ಐದೂವರೆಗೆ ಕೂರುತ್ತೇನೆ. ಗೋಡೆಯಾಚೆ ಗುರುಬಸವ್ವ ಕೂತಿರುವುದು ಗೊತ್ತಾಗುತ್ತದೆ. ಎಡಗೈ ತೆರೆದಿಡುತ್ತೇನೆ. ಸ್ವಲ್ಪ ಹೊತ್ತಿಗೆ ಬಲಗೈ ಅಭ್ಯಾಸದಿಂದ ಅದರ ಕಡೆಗೆ ಹೊರಡುತ್ತದೆ. ಅದನ್ನು ಅರ್ಧದಾರಿಯಲ್ಲೇ ತಡೆದು ಹಿಡಿಯುತ್ತೇನೆ, ಆರು ಗಂಟೆಯವರೆಗೆ.