ಮೊಹರಂ ಪದಕ್ಕ ಒಬ್ಬಾಂವ ಸಾಕಂತ

ಕೇಳ್ರಿ ದೋಸ್ತ್ರ, ಇವತ್ತು ಸಿಂಧನೂರಿನ್ಯಾಗ ಮೊಹರಂ ಪದಗಳ ಮ್ಯಾಲ ವಿಶ್ವವಿದ್ಯಾಲಯದವ್ರ ವಿಚಾರ ಸಂಕಿರಣ ಇತ್ತು. ಅಲ್ಲಿಂದ ಈಗ ಬಂದೀನಿ, ಸಿಟ್ಟು ಇನ್ನಾ ಇಳಿದಿಲ್ಲ.

ಹಾಡಾಕ ಕರೆದದ್ದು ನಮ್ಮ ಸಂತೆಕಲ್ಲೂರಿನ ಖಾಜಾಸಾಬ್ ಕಾಕಾನ್ನ. ಕಾಕಾ ತನ್ನ ಮ್ಯಾಳದ ಏಳೂ ಮಂದೀನ್ನ ಆಟೋದಾಗ ತುಂಬ್ಕೊಂಡು ಬಂದಿದ್ದ. ಬಾಗಿಲದಾಗ ಸಂಘಟಕ ಸಾಹೇಬ್ರು ತಡೆದ್ರು.

"ಪಟ್ಟಿಯೊಳಗ ನಿಮ್ಮ ಹೆಸರೊಂದ ಅದರಿ. ವೇದಿಕಿ ಮ್ಯಾಲ ಜಾಗ ಇಲ್ಲ, ಉಳಿದವ್ರು ಹೊರಗ ಕೂಡ್ರಲಿ."

"ನಾ ಒಂದು ನುಡಿ ಎತ್ತಿಕೊಟ್ರ ಹಿಂದ ಹಿಡಿಯೋರು ಬೇಕಲ್ರಿ ಸಾಹೇಬ್ರ," ಅಂದ ಕಾಕಾ.

"ನೀವೊಬ್ರ ಐದು ನಿಮಿಷ ಹಾಡ್ರಿ, ಸಾಕು. ನಮಗ ಒಂದು ಮಾದರಿ ಬೇಕಾಗ್ಯಾದಷ್ಟ."

ಮಾದರಿಯಂತ. ಮನುಷ್ಯಾನ್ನ ಕರೆದಾರೋ, ಅಡತಿ ಅಂಗಡಿಗೆ ಜ್ವಾಳದ ಸ್ಯಾಂಪಲ್ ತರಿಸ್ಯಾರೋ?

ಏಳೂ ಮಂದಿ ಹೊರಗ ಬೇವಿನ ಗಿಡದ ಕೆಳಗ ಕುಂತ್ರು. ಒಳಗ ಒಬ್ಬ ಪ್ರೊಫೆಸರ್ ಮುಕ್ಕಾಲು ತಾಸು ಮಾತಾಡಿದ್ರು. "ಮೊಹರಂ ಪದ ಒಬ್ಬರ ಸ್ವತ್ತಲ್ಲ. ಹಿಂದೂ ಮುಸ್ಲಿಮರು ಕೂಡಿ ದನಿಗೂಡಿಸುವ ಸಮೂಹದ ಹಾಡು," ಅಂದ್ರು. ಚಪ್ಪಾಳಿ ಬಿತ್ತು.

ಆಮ್ಯಾಲ ಕಾಕಾನ ಪಾಳಿ ಬಂತು. ಮೈಕಿನ ಮುಂದ ನಿಂತು, "ಪ್ರೊಫೆಸರ್ ಸಾಹೇಬ್ರು ಹೇಳಿದ್ದು ಖರೇ ಅದರಿ. ಇದು ಒಬ್ಬಾಂವ ಹಾಡೋ ಪದ ಅಲ್ಲ," ಅಂದು, ಕೈಮುಗಿದು ಇಳಿದು ಹೋದ. ಕೂತವರಾಗ ಒಬ್ಬರೂ ಅವನ ಹಿಂದ ಎದ್ದು ಹೋಗಲಿಲ್ಲ. ನಾನೂ ಏಳಲಿಲ್ಲ.

ಈಗ ವಾಟ್ಸಪ್ಪಿನ್ಯಾಗ ಫೋಟೋ ಬಂದದ. ಜಾಗ ಇಲ್ಲದ ಆ ವೇದಿಕಿ ಮ್ಯಾಲ ಹದಿನಾಲ್ಕು ಮಂದಿ ಶಾಲು ಹೊದ್ಕೊಂಡು ನಿಂತಾರ. ಹಾಡಾಕ ಬರೋರು ಒಬ್ಬರೂ ಅದರಾಗಿಲ್ಲ.