ಆಡದೇ ನುಂಗಿದ ಅಂಜಿಕೆ

ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ ಶಿವಯೋಗೀಶನದು. ನಲವತ್ತಾದರೂ ಮಂದಿಯ ಮುಖ ನೋಡಿ ಮಾತಾಡಲು ಅವನಿಗೆ ಬರುತ್ತಿರಲಿಲ್ಲ. ಎದೆ ಸ್ವಲ್ಪ ಜೋರಾಗಿ ಬಡಿದರೆ ಸಾಕು, ಇಸಿಜಿ ಮಾಡಿಸಲು ಓಡುತ್ತಿದ್ದ. ಪ್ರತಿ ಸಲವೂ ಏನೂ ಇರುತ್ತಿರಲಿಲ್ಲ, ಸಪ್ತಾಪುರದ ಅವನ ಓಣಿಯವರು ನಗುತ್ತಿದ್ದರು.

2004ರಲ್ಲಿ ಒಂದು ಬೆಳಗ್ಗೆ ತಾಯಿ ಚನ್ನಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾಕೋ ಎದಿ ಹಿಡಿದಂಗ ಆಗೇತಿ" ಎಂದಳು. ದವಾಖಾನೆಗೆ ಹೋಗೋಣ ಎನ್ನಬೇಕೆಂದುಕೊಂಡವನು, ಇದೂ ತನ್ನ ಹುಚ್ಚು ಅಂಜಿಕೆಯೇ ಇರಬೇಕೆಂದು ಸುಮ್ಮನಾದ. ಮಧ್ಯಾಹ್ನದೊಳಗೆ ಅವಳು ತೀರಿಕೊಂಡಳು.

ಅವನು ಅಳಲಿಲ್ಲ. ಮಂದಿ ಅದನ್ನೂ ಆಡಿಕೊಂಡರು. ಅವನು ಊಟ ಬಿಟ್ಟಾಗ ಅಕ್ಕ ನಾಗರತ್ನಾ ಮನೋವೈದ್ಯರ ಬಳಿ ಕರೆದೊಯ್ದಳು. ಬಾಲ್ಯದಿಂದ ಹಿಡಿದು ತಾಯಿ ತೀರಿದ ದಿನದವರೆಗೆ ಎಲ್ಲವನ್ನೂ ಕೇಳಿದ ಅವರು, "ಇದು ಹುಚ್ಚಲ್ಲರಿ. ನಿಮಗ ಆಟಿಸಂ ಇರಬಹುದು, ಮಂದಿ ಮುಖ ನೋಡಾಕ, ಅಳಾಕ ಆಗದಿರೋದು ಹುಟ್ಟಿನಿಂದ ಬಂದದ್ದು. ಈ ವಯಸ್ಸಿನ್ಯಾಗ ಖಾತ್ರಿ ಹೇಳೋದು ಕಷ್ಟ" ಎಂದರು.

"ಹಂಗಾದ್ರ ಆವತ್ತ ಅವ್ವನ್ನ ದವಾಖಾನಿಗೆ ಒಯ್ಯಬೇಕು ಅಂತ ನನಗ ಅನಿಸಿದ್ದು ಖರೇ ಇತ್ತೇನ್ರಿ?"

ವೈದ್ಯರು ಸುಳ್ಳು ಹೇಳಲಿಲ್ಲ. "ಹೌದ್ರಿ, ಖರೇ ಇತ್ತು."

ಹೊರಗೆ ಬಂದ ಮೇಲೆ ನಾಗರತ್ನಾ ಮೆಲ್ಲಗೆ ಹೇಳಿದಳು: "ಹಿಂದಿನ ದಿನ ಅವ್ವ ನನಗೂ ಫೋನ್ ಮಾಡಿ ಎದಿನೋವು ಅಂದಿದ್ಲೋ ತಮ್ಮಾ. ನಾನೂ ಸುಮ್ಮನಿದ್ದೆ."

ಶಿವಯೋಗೀಶ ಅಕ್ಕನ ಕೈ ಹಿಡಿದುಕೊಂಡ; ಸಪ್ತಾಪುರದ ಮನೆ ಮುಟ್ಟುವವರೆಗೂ ಬಿಡಲಿಲ್ಲ.